ಭವಿಷ್ಯತ್ಕಾಲದಲ್ಲಿ ನಪಾಸು

ತನ್ನ ಮಾತಿನ ಪರೀಕ್ಷೆಯಲ್ಲೇ ಮಚ್ಚೆ ನಪಾಸಾದಳು. ನೂರಕ್ಕೆ ಮೂವತ್ತೊಂದು. ಹುಟ್ಟಿದಾಗಿನಿಂದ ಕೈಯಲ್ಲೇ ಮಾತಾಡಿಕೊಂಡು ಬಂದವಳು, ಕೈಯಲ್ಲೇ ಜಗಳವಾಡಿ ಕೈಯಲ್ಲೇ ಗಂಡನನ್ನು ಒಲಿಸಿಕೊಂಡವಳು, ಸನ್ನೆ ಭಾಷೆಯ ಪರೀಕ್ಷೆಯಲ್ಲಿ ಮೂವತ್ತೊಂದು ತೆಗೆದಳು. ಎಂಬತ್ತೆಂಟು ತೆಗೆದ ಪದವೀಧರನೊಬ್ಬನಿದ್ದ. ಅವನ ಕಿವಿ ಚೆನ್ನಾಗಿತ್ತು. ಒಬ್ಬ ಕಿವುಡನ ಜೊತೆಯೂ ಅವನು ಅಂದಿನವರೆಗೆ ಮಾತಾಡಿರಲಿಲ್ಲ. ಪುಸ್ತಕ ಓದಿಕೊಂಡು ಬಂದಿದ್ದ.

ಮಚ್ಚೆ ಅವಳ ಕಾಗದಪತ್ರದ ಹೆಸರಲ್ಲ. ಕಾಗದದಲ್ಲಿ ಬೇರೆ ಹೆಸರಿತ್ತು, ಆದರೆ ಯಾರು ಕರೆದರೂ ಅವಳಿಗೆ ಕೇಳಿಸದ ಕಾರಣ ಅದು ಯಾರ ಉಪಯೋಗಕ್ಕೂ ಬಂದಿರಲಿಲ್ಲ. ಬಲಗೆನ್ನೆಯ ಮೇಲೊಂದು ಮಚ್ಚೆ. ಆ ಜಾಗಕ್ಕೆ ತೋರುಬೆರಳು ಮುಟ್ಟಿಸಿದರೆ ಅದೇ ಅವಳ ಹೆಸರು.

ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಲಾಂಡ್ರಿ. ಅಲ್ಲಿ ಎಂಟು ಜನ ಇಸ್ತ್ರಿಯವರು, ಎಂಟೂ ಜನ ಕಿವುಡರು. ಯಾರೋ ಪುಣ್ಯಾತ್ಮ ಕರುಣೆಯಿಂದ ಕೊಟ್ಟ ಕೆಲಸ ಅಂದುಕೊಳ್ಳಬೇಡಿ. ಬಾಯ್ಲರು, ಒಗೆಯುವ ಡ್ರಮ್ಮು, ಉಗಿ ಉಗುಳುವ ಪ್ರೆಸ್ಸು ಎಲ್ಲ ಸೇರಿ ಮಾಡುವ ಗದ್ದಲಕ್ಕೆ ಕಿವಿಯಿದ್ದವರು ಮೂರು ತಿಂಗಳಲ್ಲಿ ತಲೆ ಹಿಡಿದುಕೊಂಡು ಓಡುತ್ತಿದ್ದರು. ಕಿವುಡರಾದರೆ ಓಡುವುದಿಲ್ಲ. ದೂರು ಕೊಡುವುದೂ ಇಲ್ಲ, ಕೊಟ್ಟರೂ ಯಾರಿಗೂ ಅರ್ಥವಾಗುವುದಿಲ್ಲ. ಆಡಳಿತಕ್ಕೆ ಇದಕ್ಕಿಂತ ಒಳ್ಳೆಯ ಆಳು ಎಲ್ಲಿ ಸಿಗಬೇಕು?

ಮಚ್ಚೆ ಹನ್ನೆರಡು ವರ್ಷದಿಂದ ಪ್ರೆಸ್ಸಿನ ಮುಂದೆ ನಿಂತಿದ್ದಳು. ರಕ್ತ, ಕೀವು, ಉಚ್ಚೆ ಹೋದರೂ ಕಲೆ ಹೋಗದ ಬೆಡ್‌ಶೀಟುಗಳು ಒದ್ದೆಯಾಗಿ ಬರುತ್ತವೆ. ಹಾಸಬೇಕು, ಎಳೆಯಬೇಕು, ಕೈ ತೆಗೆಯಬೇಕು, ಮುಚ್ಚಳ ಇಳಿಸಬೇಕು. ಕೈ ತೆಗೆಯುವುದು ಅರೆಕ್ಷಣ ತಡವಾದರೆ ಚರ್ಮ ಅಲ್ಲೇ. ಅವಳ ಬಲಗೈಯ ತೋರುಬೆರಳು, ನಡುಬೆರಳು ನಾಲ್ಕು ಸಲ ಬೆಂದಿದ್ದವು. ಡಾಕ್ಟರು ಅವುಗಳನ್ನು ಮಡಚಿ ಬಿಡಿಸಿ ನೋಡಿ ಚೀಟಿಯಲ್ಲಿ ಬರೆದುಕೊಟ್ಟಿದ್ದ: ಇನ್ನೆರಡು ವರ್ಷ ಇದೇ ಕೆಲಸ ಮಾಡಿದರೆ ಈ ಬೆರಳು ಕೊರಡಾಗುತ್ತವೆ.

ಬೇರೆಯವರಿಗೆ ಬೆರಳು ಹೋದರೆ ಬೆರಳು ಮಾತ್ರ ಹೋಗುತ್ತದೆ. ಮಚ್ಚೆಗೆ ಅರ್ಧ ನಾಲಗೆ ಹೋಗುತ್ತದೆ. ಅವಳ ಮಾತಿನಲ್ಲಿ 'ನಾಳೆ' ಅನ್ನಬೇಕಾದರೆ ಅವೇ ಎರಡು ಬೆರಳು ಜೋಡಿಸಿ ಎದೆಯ ಮುಂದೆ ಒಂದು ಸಲ ಜಿಗಿಸಬೇಕು. ಈಗಲೇ ಅವು ಕುಂಟುತ್ತಿದ್ದವು.

ಆದ್ದರಿಂದಲೇ ಅವಳಿಗೆ ಆ ಇನ್ನೊಂದು ಕೆಲಸ ಬೇಕಾಗಿತ್ತು. ಆಸ್ಪತ್ರೆಯ ನಲವತ್ತು ನರ್ಸುಗಳಿಗೆ ಸನ್ನೆ ಭಾಷೆ ಕಲಿಸಲು ಒಬ್ಬ ಶಿಕ್ಷಕರು ಬೇಕೆಂದು ವಿಶ್ವವಿದ್ಯಾಲಯ ಅರ್ಜಿ ಕರೆದಿತ್ತು. ಪ್ರಕಟಣೆಯ ಕೊನೆಯಲ್ಲಿ, 'ಹೆಚ್ಚಿನ ವಿವರಕ್ಕೆ ಕರೆ ಮಾಡಿ' ಎಂದಿತ್ತು. ಪರೀಕ್ಷೆಯ ದಿನ ಜವಾನ ಬಾಗಿಲಲ್ಲಿ ನಿಂತು ಅವಳ ಕಾಗದದ ಹೆಸರನ್ನು ಮೂರು ಸಲ ಕೂಗಿ, ಗೈರುಹಾಜರಿ ಅಂತ ಬರೆದುಕೊಂಡ. ಅವಳು ಅವನ ಮೂಗಿನ ಕೆಳಗೇ ಬೆಂಚಿನ ಮೇಲೆ ಕೂತಿದ್ದಳು. ಬೆಳಗ್ಗೆ ಒಂಬತ್ತಕ್ಕೆ ಕೂತವಳನ್ನು ಸಂಜೆ ನಾಲ್ಕಕ್ಕೆ ಕಸ ಗುಡಿಸುವವಳು ಕಂಡು ಒಳಗೆ ಕಳಿಸಿದಳು. ಇದು ಕಿವುಡರ ಭಾಷೆಯ ಪರೀಕ್ಷೆ.

ಇನ್ನು ಪುಸ್ತಕದ ವಿಷಯ.

ಒಂಬತ್ತು ವರ್ಷದ ಹಿಂದೆ ವಿಶ್ವವಿದ್ಯಾಲಯದಿಂದ ಪ್ರೊಫೆಸರ್ ಒಬ್ಬರು ಲಾಂಡ್ರಿಗೆ ಬಂದರು. ಜೊತೆಗೊಂದು ಕ್ಯಾಮೆರಾ, ಒಬ್ಬ ಸಹಾಯಕಿ. ಪ್ರೊಫೆಸರಿಗೆ ಮಾತಿಗೊಮ್ಮೆ ಪ್ಯಾಂಟು ಮೇಲಕ್ಕೆಳೆದುಕೊಳ್ಳುವ ಚಾಳಿ. ಇಸ್ತ್ರಿಯವರು ಮೊದಲ ದಿನವೇ ಹೆಸರಿಟ್ಟರು: ಎರಡೂ ಕೈ ಸೊಂಟಕ್ಕೆ, ಒಂದು ಎಳೆತ. ನನಗೂ ನಿಮ್ಮ ಭಾಷೆಯಲ್ಲಿ ಹೆಸರು ಕೊಡಿ ಎಂದು ಅವರು ಕೇಳಿದಾಗ ಅದನ್ನೇ ಮಾಡಿ ತೋರಿಸಿದರು. ಪಾಪ, ಅವರಿಗೆ ಕಣ್ಣು ತುಂಬಿ ಬಂತು. ಅಂದಿನಿಂದ ಯಾವ ದೇಶದ ಸಭೆಗೆ ಹೋದರೂ ವೇದಿಕೆ ಹತ್ತಿದ ಕೂಡಲೇ ಪ್ಯಾಂಟು ಎಳೆದು ತೋರಿಸಿ, 'ಸಮುದಾಯ ನನಗೆ ಪ್ರೀತಿಯಿಂದ ಕೊಟ್ಟ ಹೆಸರು' ಎನ್ನುತ್ತಿದ್ದರು.

ಚಿತ್ರೀಕರಣ ನಡೆಯುತ್ತಿದ್ದದ್ದು ಊಟದ ಬಿಡುವಿನಲ್ಲಿ, ಬಟ್ಟೆ ಮಡಚುವ ಕೋಣೆಯಲ್ಲಿ. ಒಂದರಿಂದ ಒಂದೂವರೆ. ಬಾಯಲ್ಲಿ ಮಾತಾಡುವವರು ಉಣ್ಣುತ್ತಲೇ ಹರಟಬಹುದು. ಕೈಯಲ್ಲಿ ಮಾತಾಡುವವರಿಗೆ ಆ ಭಾಗ್ಯವಿಲ್ಲ, ಒಂದೋ ಊಟ, ಒಂದೋ ಮಾತು. ವಿಜ್ಞಾನಕ್ಕಾಗಿ ಮಚ್ಚೆ ಒಂಬತ್ತು ವರ್ಷ ವಾರಕ್ಕೊಂದು ಊಟ ಬಿಟ್ಟಳು. ಬೆಳಕು ಸಾಲದಿದ್ದರೆ ಪ್ರೊಫೆಸರ್ ಅವಳ ಗಲ್ಲ ಹಿಡಿದು ಕಿಟಕಿಯ ಕಡೆ ತಿರುಗಿಸುತ್ತಿದ್ದರು, ಸಂತೆಯಲ್ಲಿ ಕುಂಬಳಕಾಯಿ ತಿರುಗಿಸಿ ನೋಡಿದಂತೆ. ಒಮ್ಮೆ ಬೆರಳು ಬೆಂದು ಪಟ್ಟಿ ಕಟ್ಟಿಕೊಂಡು ಬಂದಾಗ, ಪಟ್ಟಿಯಿದ್ದರೆ ಬೆರಳಿನ ಆಕಾರ ಕಾಣುವುದಿಲ್ಲವೆಂದು ಸಹಾಯಕಿಯ ಕೈಯಿಂದ ಅದನ್ನು ಬಿಚ್ಚಿಸಿದರು. ಪಟ್ಟಿಯ ಜೊತೆ ಸಿಪ್ಪೆಯೂ ಬಂತು. ಸಹಾಯಕಿ ಮುಖ ತಿರುಗಿಸಿಕೊಂಡಳು. ಕ್ಯಾಮೆರಾ ತಿರುಗಿಸಲಿಲ್ಲ.

ಆ ಕೋಣೆಯಲ್ಲಿ, ಕ್ಯಾಮೆರಾಕ್ಕೆ ಮುಖ ಮಾಡಿದವರ ಬಲಕ್ಕೆ, ಮೇಲೆ, ಗೋಡೆಯಲ್ಲೊಂದು ಗಡಿಯಾರವಿತ್ತು. ಒಂದೂವರೆಗೆ ಮೇಸ್ತ್ರಿ ಗಂಟೆ ಬಾರಿಸಿ ಕಬ್ಬಿಣದ ಬಾಗಿಲು ಎಳೆಯುತ್ತಿದ್ದ. ಹೊರಗುಳಿದವರಿಗೆ ಆ ದಿನ ಅರ್ಧ ಗೈರುಹಾಜರಿ. ಗಂಟೆ ಕೇಳಿಸದವರು ಗಡಿಯಾರ ನೋಡದೆ ಏನು ನೋಡಬೇಕು? ಪ್ರೊಫೆಸರರ ಪ್ರಶ್ನೆಪಟ್ಟಿಯಲ್ಲಿ ಮೊದಲು ನೆಂಟಸ್ತನ, ಆಮೇಲೆ ಬಣ್ಣ, ಪ್ರಾಣಿ, ಊಟ. ಕೊನೆಯ ಹಾಳೆಯಲ್ಲಿ ಕಾಲ: ನಾಳೆ, ನಾಡಿದ್ದು, ಮುಂದಿನ ವರ್ಷ. ಕೊನೆಯ ಹಾಳೆಗೆ ಬರುವ ಹೊತ್ತಿಗೆ ಯಾವಾಗಲೂ ಒಂದು ಇಪ್ಪತ್ತೈದು. ಹೀಗೆ ಎಂಟು ಜನ ಇಸ್ತ್ರಿಯವರೂ 'ನಾಳೆ' ಅನ್ನುವಾಗೆಲ್ಲ ಒಮ್ಮೆ ಬಲಕ್ಕೆ ಮೇಲೆ ನೋಡಿದರು.

ಪ್ರೊಫೆಸರ್ ಅದನ್ನು ಕಂಡುಹಿಡಿದರು. ಗಡಿಯಾರವನ್ನಲ್ಲ, ನೋಟವನ್ನು. ಈ ಸಮುದಾಯದ ಭಾಷೆಯಲ್ಲಿ ಬಲ ಮೇಲ್ಮೂಲೆಯ ನೋಟವೇ ಭವಿಷ್ಯತ್ಕಾಲದ ಪ್ರತ್ಯಯ ಎಂದು ಆರುನೂರು ಪುಟ ಬರೆದರು. ಬಹುಮಾನ ಬಂತು, ಬಡ್ತಿ ಬಂತು. ಮುಖಪುಟದ ಒಳಗೆ ಮಚ್ಚೆಯ ಫೋಟೋ, ಕಣ್ಣುಗುಡ್ಡೆಯಿಂದ ಮೇಲಕ್ಕೊಂದು ಕೆಂಪು ಬಾಣ. ಕೆಳಗೆ ಅವಳ ಹೆಸರಿರಲಿಲ್ಲ. 'ಮಾಹಿತಿದಾರ ಸಂಖ್ಯೆ ೪' ಎಂದಿತ್ತು.

ಪರೀಕ್ಷೆಯ ಕೋಣೆಯಲ್ಲಿ ಗಡಿಯಾರವಿರಲಿಲ್ಲ. ಮಚ್ಚೆ ಕ್ಯಾಮೆರಾವನ್ನು ನೆಟ್ಟಗೆ ನೋಡುತ್ತ ಚಂದವಾಗಿ ಮಾತಾಡಿದಳು, ಮೂವತ್ತೊಂದು ಬಂತು. ಉತ್ತರಪತ್ರಿಕೆಯ ಅಡಿಯಲ್ಲಿ ಷರಾ: 'ಅಭ್ಯರ್ಥಿಗೆ ಭವಿಷ್ಯತ್ಕಾಲ ಬರುವುದಿಲ್ಲ.'

ಅದನ್ನು ತಂದು ತೋರಿಸಿದವಳು ಸಹಾಯಕಿ. ಅವಳ ಕೈಮಾತೆಲ್ಲ ಮಚ್ಚೆ ಕಲಿಸಿದ್ದೇ. ಬಟ್ಟೆ ಮಡಚುವ ಕೋಣೆಯಲ್ಲಿ ನಿಂತು, ತಪ್ಪು ಮಾಡಿದ ಮಗುವಿನಂತೆ ಪುಸ್ತಕ ಬಿಚ್ಚಿ ಬಾಣ ತೋರಿಸಿದಳು. "ನಾಳೆ ಅನ್ನುವಾಗ ನೀವು ಮೇಲೆ ನೋಡಲಿಲ್ಲ ಅಕ್ಕಾ," ಎಂದು ಕೈಯಲ್ಲಿ ಹೇಳಿದಳು.

"ಮೇಲೆ ಯಾಕೆ ನೋಡಬೇಕು?"

"ಮೊದಲೆಲ್ಲ ನೋಡ್ತಿದ್ರಲ್ಲ."

ಮಚ್ಚೆ ಫೋಟೋ ನೋಡಿದಳು. ಬಾಣ ನೋಡಿದಳು. ಬಾಣ ಹೋದ ದಿಕ್ಕಿನಲ್ಲೇ ತಲೆಯೆತ್ತಿ ಗೋಡೆ ನೋಡಿದಳು. ಒಂದು ಇಪ್ಪತ್ತಾರು. ಅವಳಿಗೆ ಮೊದಲು ನಗು ಬಂತು. ಕುಕ್ಕರುಗಾಲಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಉಳಿದ ಏಳು ಜನರಿಗೂ ವಿಷಯ ತಿಳಿದು, ಮಡಚಿದ ಬೆಡ್‌ಶೀಟುಗಳ ರಾಶಿಯ ಮೇಲೆ ಬಿದ್ದು ನಕ್ಕರು. ಆಮೇಲೆ ಮಚ್ಚೆ ತನ್ನ ಎರಡು ಬೆರಳು ನೋಡಿಕೊಂಡಳು. ನಗು ನಿಂತಿತು. ಎಂಥ ಸಿಟ್ಟು ಬಂತೆಂದರೆ ಆ ಮಧ್ಯಾಹ್ನ ಅವಳು ಇಸ್ತ್ರಿ ಮಾಡಿದ ಶೀಟುಗಳಲ್ಲಿ ಮೂರು ಸುಟ್ಟವು.

ಮಾರನೆಯ ದಿನ ಅತ್ತೆಯನ್ನು ಕರೆದುಕೊಂಡು ಪ್ರೊಫೆಸರರ ಕೋಣೆಗೆ ಹೋದಳು. ಅತ್ತೆಗೆ ಕಿವಿ ಕೇಳುತ್ತದೆ. ಮಗ ಕಿವುಡ, ಸೊಸೆ ಕಿವುಡಿ, ಆ ಮನೆಯ ಪಾಲಿಗೆ ಬಂದಿದ್ದ ದನಿಯೆಲ್ಲ ಆಕೆಯೊಬ್ಬಳಿಗೇ ಸಿಕ್ಕಿತ್ತು. ತಳ್ಳುಗಾಡಿಯಲ್ಲಿ ತರಕಾರಿ ಮಾರುವವಳು. ಈ ಬೀದಿಯಲ್ಲಿ ಈರುಳ್ಳಿ ಅಂದರೆ ಮೂರನೆಯ ಬೀದಿಯಲ್ಲಿ ಚೀಲ ಹಿಡಿದು ಹೊರಬರುತ್ತಿದ್ದರು. ಕೈಮಾತೂ ಚೆನ್ನಾಗಿ ಬರುತ್ತಿತ್ತು, ಆದರೆ ಕೈ ಆಡಿಸುವಾಗಲೂ ಬಾಯಿ ಮುಚ್ಚುತ್ತಿರಲಿಲ್ಲ.

ಅತ್ತೆ ಗಡಿಯಾರದ ಕಥೆ ಹೇಳಿ ಮುಗಿಸಿದಾಗ ಪ್ರೊಫೆಸರ್ ದೊಡ್ಡ ಮನಸ್ಸಿನಿಂದ ನಕ್ಕರು. "ಮಾತಾಡೋರಿಗೆ ತಮ್ಮ ವ್ಯಾಕರಣ ತಮಗೆ ಗೊತ್ತಿರಲ್ಲಮ್ಮಾ. ಅದಕ್ಕೇ ನಾವಿರೋದು."

"ಅಲ್ಲ ಸ್ವಾಮಿ, ನೀವು ಬರೋ ಮುಂಚೆ ನನ್ನ ಸೊಸೆ ನಾಳೆ ಅನ್ನೋದನ್ನ ಹೇಗೆ ಹೇಳ್ತಿದ್ಲು? ನಿಮ್ಮ ಪುಸ್ತಕ ಬರಲಿ ಅಂತ ಇವತ್ತಿನಲ್ಲೇ ಕೂತಿದ್ಲಾ?"

ಪ್ರೊಫೆಸರ್ ಪ್ಯಾಂಟು ಎಳೆದುಕೊಂಡರು. "ನೋಡಿ, ನಾನು ಕಲ್ಲುಮನಸ್ಸಿನವನಲ್ಲ. ಶುಕ್ರವಾರ ಒಂದು ಗಂಟೆಗೆ ಆಸ್ಪತ್ರೆಯ ಸಭಾಂಗಣದಲ್ಲಿ ತರಗತಿಯ ಉದ್ಘಾಟನೆ. ಮೇಟ್ರನ್ ಬರ್ತಾರೆ, ಅತಿಥಿಗಳು ಬರ್ತಾರೆ. ನಿಮ್ಮ ಸೊಸೆ ವೇದಿಕೆಗೆ ಬಂದು ನಾಳೆ ಅನ್ನೋದನ್ನ ಪುಸ್ತಕದಲ್ಲಿರೋ ಹಾಗೆ ಒಂದು ಸಲ ತೋರಿಸಲಿ. ಅದನ್ನೇ ಮರುಪರೀಕ್ಷೆ ಅಂತ ತಗೊಂಡು ಪಾಸು ಮಾಡಿಬಿಡ್ತೀನಿ. ಕೆಲಸ ಅವಳಿಗೇ."

ಮನೆಗೆ ಬರುವ ದಾರಿಯುದ್ದಕ್ಕೂ ಅತ್ತೆ ಸುಮ್ಮನಿದ್ದಳು, ಅಂದರೆ ಮೆಲ್ಲಗೆ ಮಾತಾಡುತ್ತಿದ್ದಳು. ಒಲೆಯ ಮುಂದೆ ಕೂತ ಮೇಲೆ ಸೊಸೆಯ ಬಲಗೈ ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡು ಬೆರಳಿಗೆ ಎಣ್ಣೆ ಹಚ್ಚಿದಳು. ಎಣ್ಣೆಗೈಯಲ್ಲೇ ಹೇಳಿದಳು: "ನೋಡಿಬಿಡೇ. ಒಂದು ಸಲ ಮೇಲೆ ನೋಡಿದ್ರೆ ಕಣ್ಣೇನು ಸವೆದು ಹೋಗುತ್ತಾ? ಬೆರಳಾದ್ರೂ ಉಳಿಯುತ್ತೆ."

ಮಚ್ಚೆ ಎಡಗೈಯಲ್ಲಿ ಉತ್ತರ ಕೊಟ್ಟಳು. "ಒಂದು ಸಲ ಅಲ್ಲ ಅತ್ತೆ, ದಿನಾ ನೋಡಬೇಕು. ನಲವತ್ತು ನರ್ಸುಗಳಿಗೂ ಕಲಿಸಬೇಕು. ಅವರು ಕಿವುಡ ರೋಗಿ ಹತ್ರ ಹೋಗಿ, ನಾಳೆ ನಿಂಗೆ ಆಪರೇಷನ್ ಅಂತ ಹೇಳಿ ಚಾವಣಿ ನೋಡಿದ್ರೆ, ಅವನು ಏನಂದ್ಕೋಬೇಕು? ನಾಳೆ ನಾನು ಮೇಲಕ್ಕೆ ಹೋಗ್ತೀನಿ ಅಂದ್ಕೋತಾನೆ."

ಅತ್ತೆಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡಳು, ಅದು ನಗುವಿನ ನೀರಷ್ಟೇ ಅಲ್ಲ. ಮಚ್ಚೆಗೆ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಅತ್ತೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಬೆರಳು ಒಮ್ಮೆ ಹೋದರೆ ಹೋಯಿತು.

ಶುಕ್ರವಾರ ಬಂತು. ಇಸ್ತ್ರಿಯವರು ಎಂಟೂ ಜನ ಏಪ್ರನ್ನಿನಲ್ಲೇ ಬಂದು ಹಿಂದಿನ ಸಾಲಿನಲ್ಲಿ ಕೂತರು. ಅತ್ತೆ ತರಕಾರಿ ಚೀಲ ಹಿಡಿದು ಬಾಗಿಲ ಬಳಿ ನಿಂತಳು. ಪ್ರೊಫೆಸರ್ ಕಿವುಡರ ಬಗ್ಗೆ ಹದಿನೈದು ನಿಮಿಷ ಬಾಯಲ್ಲಿ ಮಾತಾಡಿದರು. ಕಿವುಡರಿಗೆ ಅದನ್ನು ಯಾರೂ ಕೈಯಲ್ಲಿ ಹೇಳಲಿಲ್ಲ. ಸಹಾಯಕಿ ಇದ್ದಳು, ಆದರೆ ಅವಳು ಅತಿಥಿಗಳ ಕಡೆ ಮುಖ ಮಾಡಿ ನಿಂತಿದ್ದಳು. ನಂತರ, ಪುಸ್ತಕ ನೋಡಿ ಒಂದು ವಾರ ಅಭ್ಯಾಸ ಮಾಡಿದ್ದ ನಲವತ್ತು ನರ್ಸುಗಳು ಎದ್ದು ನಿಂತು, 'ನಾಳೆ ಬರುತ್ತೇವೆ' ಎಂದು ಒಟ್ಟಿಗೆ ಸನ್ನೆ ಮಾಡಿದರು. ನೀರು ಕುಡಿಯುವ ಕೋಳಿಗಳಂತೆ ನಲವತ್ತು ತಲೆಯೂ ಬಲಕ್ಕೆ ಮೇಲೆ ಎದ್ದವು. ಅಲ್ಲೇನಿದೆ ಎಂದು ಇಸ್ತ್ರಿಯವರೂ ಕತ್ತೆತ್ತಿ ನೋಡಿದರು. ಒಂದು ಜೇಡರ ಬಲೆ ಇತ್ತು.

ಮಚ್ಚೆಯನ್ನು ವೇದಿಕೆಗೆ ಕರೆದರು. ಅವಳು ಮುಂದಿನ ಸಾಲಿನಲ್ಲಿದ್ದ ಮೇಟ್ರನ್ನಿನ ಕಣ್ಣಲ್ಲಿ ಕಣ್ಣಿಟ್ಟು, ಕುಂಟುವ ಎರಡು ಬೆರಳನ್ನು ಎದೆಯ ಮುಂದೆ ಜಿಗಿಸಿದಳು. ನಾಳೆ.

ಪ್ರೊಫೆಸರ್ ಹುಬ್ಬಿನಲ್ಲೇ ಮೇಲೆ ತೋರಿಸಿದರು. ಅವಳು ಮತ್ತೆ ಹಾಗೇ ಮಾಡಿದಳು. ಅವರು ನಗುತ್ತಲೇ ಹತ್ತಿರ ಬಂದು, ಹಳೆಯ ಅಭ್ಯಾಸದಂತೆ ಅವಳ ಗಲ್ಲ ಹಿಡಿದು ಮೇಲಕ್ಕೆತ್ತಿದರು.

ಮಚ್ಚೆ ಆ ಕೈಯನ್ನು ತೆಗೆದು ಕೆಳಗಿಟ್ಟಳು. ಮೆಲ್ಲಗೆ ಇಡಲಿಲ್ಲ.

ಆಮೇಲೆ ಅವಳ ಕೈ ಮಾತಾಡತೊಡಗಿತು. ಸಭೆಗೆ ಅದನ್ನು ಹೇಳಬೇಕಾದ ಸಹಾಯಕಿ ಪ್ರೊಫೆಸರರ ಮುಖ ನೋಡಿದಳು. "ಅವರು... ಎಲ್ಲರಿಗೂ ಧನ್ಯವಾದ ಹೇಳ್ತಿದ್ದಾರೆ," ಎಂದಳು.

"ಸುಳ್ಳು!" ಬಾಗಿಲಿನಿಂದ ಬಂದ ದನಿಗೆ ಮೈಕು ಬೇಕಿರಲಿಲ್ಲ. "ಧನ್ಯವಾದವೂ ಇಲ್ಲ, ಮಣ್ಣೂ ಇಲ್ಲ! ನನ್ನ ಸೊಸೆ ಹೇಳ್ತಿರೋದು ಕೇಳಿ. ನಾವು ಮೇಲೆ ನೋಡಿದ್ದು ನಾಳೆಯನ್ನಲ್ಲ, ಗಡಿಯಾರನ. ಬಾಗಿಲು ಹಾಕಿಬಿಡ್ತಾನೆ ಅನ್ನೋ ಹೆದರಿಕೆಗೆ. ಅದನ್ನ ಇವರು ವ್ಯಾಕರಣ ಮಾಡಿದ್ರು. ನಮ್ಮ ಹೆದರಿಕೆನ ನಮಗೇ ಪಾಠ ಮಾಡಿ, ಅದು ಬರಲಿಲ್ಲ ಅಂತ ನನ್ನ ನಪಾಸು ಮಾಡಿದ್ರು!"

"ದಯವಿಟ್ಟು, ಇದಕ್ಕೆಲ್ಲ ಆಧಾರ ಬೇಕಾಗುತ್ತೆ," ಎಂದರು ಪ್ರೊಫೆಸರ್.

"ತಂದಿದೀನಿ, ಇರಿ." ಅತ್ತೆ ಚೀಲಕ್ಕೆ ಕೈಹಾಕಿ, ಬದನೆಕಾಯಿ ಸರಿಸಿ, ಲಾಂಡ್ರಿಯ ಗೋಡೆ ಗಡಿಯಾರವನ್ನು ಹೊರತೆಗೆದಳು. ಬೆಳಗ್ಗೆ ಎಂಟು ಜನ ಸೇರಿ ಬಿಚ್ಚಿ ಕೊಟ್ಟಿದ್ದರು. ಒಂದು ಇಪ್ಪತ್ತಮೂರು. ಅದನ್ನು ತಲೆಯ ಮೇಲೆ ಹಿಡಿದು ಸಭಾಂಗಣದ ಎಡಮೂಲೆಗೆ ಹೋಗಿ ನಿಂತಳು. ಮಚ್ಚೆ ಹಿಂದಿನ ಸಾಲಿಗೆ ಸನ್ನೆ ಮಾಡಿದಳು, ಹೇಳಿ ಅಂತ. ಏಳು ಜನ ಎದ್ದು ನಿಂತು 'ನಾಳೆ' ಎಂದರು. ಹೊತ್ತಾಗುತ್ತಿತ್ತು, ಏಳು ಜನರ ಕಣ್ಣೂ ಎಡಕ್ಕೆ ಹೋದವು. ಅತ್ತೆ ಹಿಂಬದಿಗೆ ನಡೆದಳು. ಭವಿಷ್ಯತ್ಕಾಲವೂ ಕತ್ತು ತಿರುಗಿಸಿಕೊಂಡು ಹಿಂದೆ ಹೋಯಿತು. ಅತ್ತೆಗೆ ಕೈ ನೋವು ಬಂದು ಗಡಿಯಾರವನ್ನು ನೆಲದ ಮೇಲಿಟ್ಟಳು. ಭವಿಷ್ಯತ್ಕಾಲ ಕುರ್ಚಿಗಳ ಕೆಳಗೆ ಬಿತ್ತು.

ಮೊದಲು ಒಬ್ಬ ನರ್ಸು ಕಿಸಕ್ಕೆಂದಳು. ಆಮೇಲೆ ಸಭೆಗೆ ಸಭೆಯೇ ನಕ್ಕಿತು.

ಪ್ರೊಫೆಸರ್ ಮಾತ್ರ ನಗಲಿಲ್ಲ. ಅವರ ಕಣ್ಣು ಹೊಳೆಯುತ್ತಿದ್ದವು. ನಿಜವಾದ ವಿದ್ವಾಂಸರು, ಮಾನ ಹೋದರೂ ಮಾಹಿತಿ ಬಿಡುವವರಲ್ಲ. "ಅದ್ಭುತ! ಇದು ಹೊಸ ವಿಷಯ. ಕ್ಯಾಮೆರಾ ಹಾಕಮ್ಮಾ, ಬೇಗ! ಇನ್ನೊಂದು ಸಲ ಹಾಗೇ ಮಾಡಲಿ ಇವರು," ಎಂದು ಸಹಾಯಕಿಗೆ ಹೇಳಿದರು. ಸಹಾಯಕಿ ಅಲುಗಾಡಲಿಲ್ಲ. ತಾವೇ ಕ್ಯಾಮೆರಾ ಎಳೆದು ಮಚ್ಚೆಯ ಮುಖಕ್ಕೆ ಹಿಡಿದರು.

ಮಚ್ಚೆ ತನ್ನೆರಡೂ ಕೈಗಳನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಹಿಂದಿನ ಸಾಲಿನಲ್ಲಿ ಏಳು ಜೊತೆ ಕೈಗಳು ಜೇಬಿಗೆ ಇಳಿದವು. ಕೈಮಾತಿನವರು ಬಾಯಿ ಮುಚ್ಚುವುದು ಹೀಗೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಕ್ಯಾಮೆರಾಕ್ಕೆ ಹಿಡಿಯಲು ಏನೂ ಸಿಗಲಿಲ್ಲ.

ನೆಲದ ಮೇಲಿನ ಗಡಿಯಾರದಲ್ಲಿ ಒಂದೂವರೆ ಆಯಿತು. ಎಂಟು ಜನರೂ ಅದನ್ನು ನೋಡಿದರು. ಮುಳ್ಳು ದಾಟುವುದನ್ನು ನೋಡಿದರು. ಯಾರೂ ಹೊರಡಲಿಲ್ಲ. ಮಚ್ಚೆಯ ಕಾಲು ತಾನಾಗಿಯೇ ಬಾಗಿಲ ಕಡೆ ತಿರುಗಿತ್ತು. ಹನ್ನೆರಡು ವರ್ಷದ ಅಭ್ಯಾಸ. ಅವಳು ಆ ಕಾಲನ್ನು ಎಳೆದು ತಂದು ಇನ್ನೊಂದರ ಪಕ್ಕ ಇಟ್ಟಳು.

ಒಂದು ನಲವತ್ತಕ್ಕೆ ಮೇಸ್ತ್ರಿ ಏದುಸಿರು ಬಿಡುತ್ತ ಬಂದ. "ಆಪರೇಷನ್ ಕೋಣೆಯಿಂದ ಮೂರು ಸಲ ಫೋನು! ಒಂದು ಶೀಟಿಲ್ಲ! ನಡೀರೋ, ನಡೀರೇ!" ಎಂದು ಕಿವುಡರ ಮುಂದೆ ನಿಂತು ಅರಚಿದ.

"ಅರಚಬೇಡಪ್ಪಾ," ಎಂದಳು ಅತ್ತೆ. "ಅವರಿಗೆ ಕೇಳಿಸಲ್ಲ, ನನಗೆ ತಲೆ ನೋಯುತ್ತೆ."

ಮೇಟ್ರನ್ ಎದ್ದು ನಿಂತಳು. ಮೂವತ್ತು ವರ್ಷ ವಾರ್ಡು ಆಳಿದ ಹೆಂಗಸು, ಶೀಟಿಲ್ಲದ ಆಸ್ಪತ್ರೆ ಏನಾಗುತ್ತದೆಂದು ಅವಳಿಗೆ ಯಾವ ಪುಸ್ತಕವೂ ಹೇಳಬೇಕಾಗಿರಲಿಲ್ಲ. "ಏನು ಬೇಕಂತೆ ಇವರಿಗೆ?" ಎಂದು ಸಹಾಯಕಿಯನ್ನು ಕೇಳಿದಳು.

ಮಚ್ಚೆ ಜೇಬಿನಿಂದ ಕೈ ತೆಗೆದಳು. ಈ ಸಲ ಸಹಾಯಕಿ ಪ್ರೊಫೆಸರರ ಮುಖ ನೋಡಲಿಲ್ಲ. ಒಂದು ಮಾತೂ ಬಿಡದೆ ಹೇಳಿದಳು. "ನಾನು ಮರುಪರೀಕ್ಷೆಗೆ ಕೂರಲ್ಲ. ನನ್ನ ಮಾತು ನನಗೆ ಬರುತ್ತೆ. ನಿಮ್ಮ ನರ್ಸುಗಳಿಗೆ ಕಲಿಸೋದು ನಾನು. ಒಪ್ಪಿದ್ರೆ ಇವರು ಏಳು ಜನ ಈಗಲೇ ಕೆಲಸಕ್ಕೆ ಹೋಗ್ತಾರೆ. ನಾನು ಹೋಗಲ್ಲ. ಆ ಯಂತ್ರದ ಮುಂದೆ ಇನ್ನು ನಾನು ನಿಲ್ಲಲ್ಲ."

"ನೇಮಕಾತಿ ನಿಯಮಗಳ ಪ್ರಕಾರ..." ಎಂದರು ಪ್ರೊಫೆಸರ್.

"ನರ್ಸುಗಳು ನನ್ನವರು," ಎಂದಳು ಮೇಟ್ರನ್. "ಯಾರ ಮುಂದೆ ಕೂರಿಸಬೇಕು ಅಂತ ನಾನು ನೋಡ್ಕೋತೀನಿ. ನೀವು ಆ ಕ್ಯಾಮೆರಾ ಕೆಳಗಿಡಿ."

ಪ್ರೊಫೆಸರ್ ಕ್ಯಾಮೆರಾ ಕೆಳಗಿಟ್ಟು ಪ್ಯಾಂಟು ಎಳೆದುಕೊಂಡರು. ಹಿಂದಿನ ಸಾಲಿನ ಏಳು ಜನರೂ ಬಹಳ ಗೌರವದಿಂದ ಅವರ ಹೆಸರು ಹೇಳಿದರು. ಆಗ ನಲವತ್ತು ನರ್ಸುಗಳಿಗೂ ಆ ಹೆಸರು ಎಲ್ಲಿಂದ ಬಂತೆಂದು ಒಮ್ಮೆಲೇ ಹೊಳೆಯಿತು.

ಏಳು ಜನ ಮೇಸ್ತ್ರಿಯ ಹಿಂದೆ ಹೋದರು. ಓಡಲಿಲ್ಲ, ನಡೆದೇ ಹೋದರು. ಎಂಟನೆಯವಳು ನಿಂತಲ್ಲೇ ನಿಂತಿದ್ದಳು. ಮೇಟ್ರನ್ ವೇದಿಕೆಯ ಬಳಿ ಬಂದು, ಸಹಾಯಕಿಯನ್ನಾಗಲಿ ಅತ್ತೆಯನ್ನಾಗಲಿ ನೋಡದೆ, ಮಚ್ಚೆಯನ್ನೇ ನೋಡುತ್ತ, ಬರಿಗೈ ತಿರುಗಿಸಿ ಹುಬ್ಬೇರಿಸಿದಳು. ಯಾವಾಗಿನಿಂದ?

ಮಚ್ಚೆ ಅವಳ ಕಣ್ಣಲ್ಲಿ ಕಣ್ಣಿಟ್ಟು ಎರಡು ಬೆರಳು ಜೋಡಿಸಿದಳು. ಅವು ಪೂರ್ತಿ ನೆಟ್ಟಗಾಗಲಿಲ್ಲ. ಎದೆಯ ಮುಂದೆ ಒಂದು ಸಲ ಜಿಗಿಸಿದಳು.

ಅತ್ತೆ ಅದನ್ನು ಸಭೆಗೆ ಕೂಗಿ ಹೇಳಲು ಬಾಯಿ ತೆರೆದಳು. ಮೇಟ್ರನ್ ಕೈಯೆತ್ತಿ ತಡೆದಳು.

"ಬೇಡ ಬಿಡಿ. ಗೊತ್ತಾಯ್ತು."

ಅತ್ತೆ ಬಾಯಿ ಮುಚ್ಚಿದಳು. ಆ ಬಾಯಿ ಹಾಗೆ ಮುಚ್ಚಿದ್ದನ್ನು ಮದುವೆಯಾಗಿ ಬಂದ ಮೇಲೆ ಮಚ್ಚೆ ಅವತ್ತೇ ಮೊದಲು ಕಂಡದ್ದು.